ಸರುಬಾಯಿ ಗಂಡನ ಹೆಸರು ಹೇಳಿದ ಮಧ್ಯಾಹ್ನ

ಹುಮನಾಬಾದ
೧೨ ಫೆಬ್ರವರಿ ೧೯೮೧

ನನ್ನ ಜಗಳಗಂಟಿ ಗೆಳತಿ ಅಮೃತಾ,

ಜೂನ್‌ನಲ್ಲಿ ನೀನೂ ಇಲ್ಲಿಗೆ ನರ್ಸಿಂಗ್ ತರಬೇತಿಗೆ ಬರುತ್ತೀ ಎಂದು ಓದಿ ವಾರ್ಡಿನಲ್ಲೇ ಕುಣಿದೆ. ತಲೆಗೆ ಪೆಟ್ಟಾದವರನ್ನು ಹೇಗೆ ನೋಡಬೇಕೆಂದು ಇಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದ್ದೀ. ಪುಸ್ತಕದಲ್ಲಿ ಅದು ಎರಡೇ ಪುಟ. ನನಗೆ ಕಲಿಸಿದವರು ಕೊಡಂಬಲದ ಸರುಬಾಯಿ ಮತ್ತು ಅವಳ ಅತ್ತೆ ಕೇಶರಬಾಯಿ.

ಹೋದ ತಿಂಗಳು ಸರುಬಾಯಿ ಬಂಡಿಗೆ ತೊಗರಿ ಕಟ್ಟಿಗೆ ಹೇರುವಾಗ ಮೇಲಿಂದ ಜಾರಿ ಬಿದ್ದಿದ್ದಳು. ಬೆಳಿಗ್ಗೆ ಕರೆತಂದಾಗ ಪೂರ್ತಿ ಎಚ್ಚರವಿತ್ತು. ಬಲಗಿವಿಯ ಮೇಲೆ ಕೋಳಿಮೊಟ್ಟೆಯಷ್ಟು ಬಾವು, ಅಷ್ಟೆ. ತಾಸಿಗೊಮ್ಮೆ ನೋಡಿ ಬರೆಯಲು ಡಾಕ್ಟರು ಹೇಳಿದರು. ಯಶೋದಾಬಾಯಿ ಸಿಸ್ಟರ್ ಚಾರ್ಟನ್ನು ನನ್ನ ಕೈಗಿಟ್ಟರು. ಕರೆದರೆ ಕಣ್ಣು ತೆರೆಯುತ್ತಾಳೆಯೇ, ಹೆಸರು, ಊರು, ವಾರ ಸರಿಯಾಗಿ ಹೇಳುತ್ತಾಳೆಯೇ, ನನ್ನ ಬೆರಳನ್ನು ಎರಡೂ ಕೈಯಿಂದ ಸಮನಾಗಿ ಹಿಂಡುತ್ತಾಳೆಯೇ, ಬ್ಯಾಟರಿ ಬೆಳಕಿಗೆ ಎರಡೂ ಕಣ್ಣಿನ ಪಾಪೆಗಳು ಕಿರಿದಾಗುತ್ತವೆಯೇ. ನೋಡಬೇಕಾದದ್ದು ಇಷ್ಟೇ.

ಎಲ್ಲ ಸರಿಯಿತ್ತು. ಗಂಡನ ಹೆಸರು ಕೇಳಿದಾಗ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, "ಅತ್ತಿಗಿ ಕೇಳ್ರಿ" ಎಂದು ಪಕ್ಕದಲ್ಲಿದ್ದ ಅತ್ತೆಯನ್ನು ತೋರಿಸಿದಳು. ನನಗೆ ಸಿಟ್ಟು ಬಂತು. ಬಸವಕಲ್ಯಾಣದ ವಾಚನಾಲಯದಲ್ಲಿ ಹೆಣ್ಣಿನ ಸಮಾನತೆಯ ಆ ಕಿರುಹೊತ್ತಿಗೆ ಓದಿ, ಹೆಂಗಸರ ಬಾಯಿಂದ ಗಂಡನ ಹೆಸರು ಹೇಳಿಸಿಯೇ ತೀರುತ್ತೇವೆಂದು ನಾವಿಬ್ಬರೂ ಶಪಥ ಮಾಡಿದ್ದು ನೆನಪಿದೆಯಲ್ಲ? ಗಂಡ ಹೆಂಡತಿಯ ಹೆಸರು ಹಿಡಿದು ಕೂಗಬಹುದಾದರೆ ಅವನ ಹೆಸರನ್ನು ಅವಳೇಕೆ ನುಂಗಿಕೊಳ್ಳಬೇಕು? ಶರಣೆಯರು ಎದುರು ನಿಂತು ಮಾತಾಡಿದ ಊರಿನವರು ನಾವು. ಇದನ್ನೆಲ್ಲ ಅವಳ ಮಂಚದ ಪಕ್ಕ ನಿಂತು ಹೇಳಿದೆ, ತಾಸಿಗೊಮ್ಮೆ, ಔಷಧ ಕೊಟ್ಟ ಹಾಗೆ. ಮಧ್ಯಾಹ್ನ ಒಂದು ಗಂಟೆಗೆ ಅವಳು, "ತಲಿ ನೋಯಾಕತ್ತದ್ರಿ ಬಾಯಿ, ನಿಮ್ಮ ಭಾಷಣ ನಾಳಿಗಿ ಇಡ್ರಿ" ಎಂದು ನಕ್ಕಳು.

ಎರಡು ಗಂಟೆಗೆ ಮತ್ತೆ ಕೇಳಿದೆ. "ಮಚ್ಚೇಂದ್ರ!" ಎಂದಳು, ವಾರ್ಡಿಗೆಲ್ಲ ಕೇಳುವಂತೆ. ಬಾಗಿಲಲ್ಲಿ ಅವಳ ಮಾವ ನಿಂತಿದ್ದರು. ಅವರನ್ನು ನೋಡುತ್ತಲೇ, "ಏ ಮಚ್ಚ್ಯಾ, ಎತ್ತಿಗಿ ನೀರು ಕುಡಸೋ!" ಎಂದಳು. ಪಕ್ಕದ ಮಂಚದವರು ನಕ್ಕರು. ನನ್ನ ಎದೆ ಉಬ್ಬಿತು, ಅಮೃತಾ. "ಎಲ್ಲ ಪ್ರಶ್ನೆಗೂ ಉತ್ತರಿಸಿದಳು" ಎಂದು ಚಾರ್ಟಿನಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಉಳಿದದ್ದನ್ನು ನೋಡಲಿಲ್ಲ.

ಕೇಶರಬಾಯಿ ನನ್ನ ತೋಳು ಹಿಡಿದರು. "ಬಾಯಿ, ನಮ್ಮ ಸೊಸಿ ಹಿಂಗ ಮಾತಾಡಾಕಿ ಅಲ್ರಿ. ಮದುವಿ ಆಗಿ ಹದಿನಾಕು ವರ್ಷ ಆತು, ಆ ಹೆಸರು ಆಕಿ ಬಾಯಾಗ ಬಂದಿಲ್ಲ. ಇವತ್ತು ಮಾವನ ಮುಂದ ಒದರಾಕತ್ತ್ಯಾಳ. ಏನೋ ಎಡವಟ್ಟ ಆಗ್ಯಾದ ನೋಡ್ರಿ."

ಕೂಡಲೇ ಬ್ಯಾಟರಿ ಹಿಡಿದು ನೋಡಿದೆ. ಬಲಗಣ್ಣಿನ ಪಾಪೆ ದೊಡ್ಡದಾಗಿತ್ತು, ಬೆಳಕಿಗೆ ಕದಲಲಿಲ್ಲ. ಎಡಗೈಯ ಹಿಡಿತ ಸಡಿಲ. ಭುಜ ಅಲುಗಿಸಿದರಷ್ಟೇ ಕಣ್ಣು ತೆರೆಯುತ್ತಿದ್ದಳು. ಡಾಕ್ಟರ ಬಳಿಗೆ ಓಡಿದೆ.

ತಲೆಬುರುಡೆಯೊಳಗೆ ರಕ್ತ ಕಟ್ಟಿ ಮಿದುಳನ್ನು ಒತ್ತುತ್ತಿದೆ ಎಂದು ಅವರು ಜೀಪು ತರಿಸಿದರು. ಗುಲಬರ್ಗಾದವರೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಕೇಶರಬಾಯಿ, "ಉಳಿತಾಳೇನ್ರಿ?" ಎಂದು ಕೇಳುತ್ತಲೇ ಇದ್ದರು. ನಾನು ಸರುಬಾಯಿಯ ನಾಡಿ ಹಿಡಿದು ಎಣಿಸುತ್ತಲೇ ಇದ್ದೆ. ಸಂಜೆ ತಲೆಗೆ ರಂಧ್ರ ಮಾಡಿ ರಕ್ತ ತೆಗೆದರು.

ಮರುದಿನ ಯಶೋದಾಬಾಯಿ ಸಿಸ್ಟರ್ ನಾನು ಎಳೆದ ಗೆರೆಯ ಮೇಲೆ ಬೆರಳಿಟ್ಟರು. "ಪೇಶಂಟ್ ಹೇಳಿದ್ದು ನಿನಗ ಛಲೋ ಅನಸ್ತೋ ಇಲ್ಲೋ ಅಂತ ಈ ಚಾರ್ಟ್ ಇಟ್ಟಿಲ್ಲ. ಮುಂಜಾನಿ ಹ್ಯಾಂಗಿದ್ಲು, ಈಗ ಹ್ಯಾಂಗದಾಳ, ಅದ ನೋಡು. ದಿನಾ ಹ್ಯಾಂಗಿರ್ತಾಳ ಅಂತ ಮನಿಯವರನ್ನ ಕೇಳು." ಇಲ್ಲಿಯ ಪಾಠವೆಲ್ಲ ಇಷ್ಟೇ, ಬರೆದಿಟ್ಟುಕೋ.

ನಿನ್ನೆ ಸರುಬಾಯಿ ಬಂದಿದ್ದಳು. ಬೋಳಿಸಿದ ತಲೆಗೆ ಬಿಳಿ ಬಟ್ಟೆ, ತನ್ನ ಕಾಲಮೇಲೆ ತಾನೇ ನಡೆದು. ಸಿಸ್ಟರ್ ಬೇಕೆಂದೇ ನನ್ನಿಂದ ಕೇಳಿಸಿದರು: ಗಂಡನ ಹೆಸರೇನು? ಅವಳು ಮೇಲೆ ಛತ್ತು ನೋಡಿದಳು, ನೆಲ ನೋಡಿದಳು, ಸೆರಗು ಬಾಯಿಗೇರಿತು. "ಅತ್ತಿಗಿ ಕೇಳ್ರಿ." ಕೇಶರಬಾಯಿ ಅಳುತ್ತಾ ನಕ್ಕರು. ನಾನು ಬರೆದೆ: "ಗಂಡನ ಹೆಸರು ಹೇಳಲಿಲ್ಲ. ಮೊದಲಿನಂತಾಗಿದ್ದಾಳೆ."

ಶಪಥ ಬಿಟ್ಟಿಲ್ಲ, ಹೆದರಬೇಡ. ಮಚ್ಚೇಂದ್ರನ ಹೆಸರನ್ನು ಅವಳು ತಾನಾಗಿ, ನೆಟ್ಟಗೆ ಎಚ್ಚರವಿದ್ದು ಹೇಳುವುದನ್ನು ಒಂದು ದಿನ ಕೇಳಿಯೇ ಕೇಳುತ್ತೇನೆ.

ಬರುವಾಗ ಒಳ್ಳೆಯ ಬ್ಯಾಟರಿ ತಾ. ಇಲ್ಲಿಯದು ಹೊಡೆದರೆ ಮಾತ್ರ ಹತ್ತುತ್ತದೆ.

ನಿನ್ನ
ದ್ರೌಪತಿ

ತಾ.ಕ.: ಮೇಲೆ "ಕೂಡಲೇ" ಎಂದು ಬರೆದೆ. ಅದು ಸುಳ್ಳು. ಮೊದಲು ಕೇಶರಬಾಯಿಗೆ ಅತ್ತೆಯಂದಿರ ದಬ್ಬಾಳಿಕೆಯ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು ಕೈಮುಗಿದು, "ಆತ್ರಿ, ತಪ್ಪೆಲ್ಲ ನಂದೇ. ಈಗರೆ ಆಕಿ ಕಣ್ಣು ನೋಡ್ರಿ" ಎಂದರು. ಸಿಸ್ಟರಿಗೆ ಇದನ್ನಿನ್ನೂ ಹೇಳಿಲ್ಲ. ಈ ಕಾಗದ ಡಬ್ಬಿಗೆ ಹಾಕಿ ನೇರ ಅವರ ಕೋಣೆಗೆ ಹೋಗುತ್ತೇನೆ.