ಹನ್ನೆರಡನೇ ಸಾಲಿನ ಉಸಿರು

ಫಿಲಿಬೆರ್ ಮಾಷ್ಟ್ರೇ,

ನಿಮಗೆ ಕನ್ನಡ ಬರುತ್ತಿರಲಿಲ್ಲ, ಈಗ ನೀವೇ ಇಲ್ಲ. ಹಾಗಾಗಿ ಬೈಯಲಿಕ್ಕೆ ನನಗೆ ಹೆದರಿಕೆಯಿಲ್ಲ.

ಇವತ್ತು ಗಲ್ಫಿನ ಈ ಊರಿನಲ್ಲಿ, ಅದ್ಲಿಯಾದ ನಿಮ್ಮ ಫ್ಲ್ಯಾಟ್ ಖಾಲಿ ಮಾಡಿದೆವು. ಫ್ರಾನ್ಸಿನಿಂದ ಬಂದ ನಿಮ್ಮ ಮಗಳು ಸಂಗೀತದ ಕಾಗದಗಳನ್ನೆಲ್ಲ ನನಗೇ ಕೊಟ್ಟರು. ಅದರಲ್ಲಿ ಸಮುದ್ರದ ಕುರಿತ ಆ ಕೃತಿಯೂ ಇತ್ತು. ನೀವೇ ಬರೆದು, ನೀವೇ ಎದುರು ನಿಂತು ಕೋಲು ಬೀಸಿ ನಮ್ಮ ವಾದ್ಯತಂಡದಿಂದ ನುಡಿಸಿದ್ದು.

ನೆನಪುಂಟಾ? ಸಲ್ಮಾಬಾದಿನ ವರ್ಕ್‌ಶಾಪಿನಿಂದ ಎಸಿ ರಿಪೇರಿಗೆ ಬಂದ ನನ್ನ ಕೈಗೆ ಫ್ಲೂಟ್ ಕೊಟ್ಟು ಆರು ವರ್ಷ ಕಲಿಸಿದಿರಿ. ಆ ಕೃತಿಯ ಹನ್ನೆರಡನೇ ಸಾಲನ್ನು ಮಾತ್ರ ಒಂದೇ ಉಸಿರಿನಲ್ಲಿ ನುಡಿಸಬೇಕು ಎಂದು ಹಟ ಹಿಡಿದಿರಿ. "ನಡುವೆ ಒಂದು ಉಸಿರು ಬೇಕು ಸರ್, ರಾಗಕ್ಕೇ ಬೇಕು" ಎಂದೆ. "ಇದು ಫ್ಲೂಟ್, ಸೈಕಲ್ ಪಂಪ್ ಅಲ್ಲ" ಎಂದು ಎಲ್ಲರೆದುರು ಕೂಗಿದಿರಿ. ಅವತ್ತೇ ತಂಡ ಬಿಟ್ಟೆ. ಆಸ್ಪತ್ರೆಯಿಂದ ನೀವು ಮೂರು ಸಲ ಮಾಡಿದ ಫೋನನ್ನೂ ಎತ್ತಲಿಲ್ಲ.

ಈಗ ನೋಡಿದರೆ ನಿಮ್ಮ ಪ್ರತಿಯಲ್ಲಿ, ಅದೇ ಸಾಲಿನ ನಡುವೆ, ಪೆನ್ಸಿಲಿನಲ್ಲಿ ಉಸಿರಿನ ಗುರುತು! ಪಕ್ಕದಲ್ಲಿ ಇಂಗ್ಲಿಷಿನಲ್ಲಿ, 'ರಿತೇಶ್ ಹೇಳಿದ್ದೇ ಸರಿ.' ತಾರೀಕು ನಾನು ಬಿಟ್ಟುಹೋದ ಮರುದಿನದ್ದು.

ಬರೆಯಲಿಕ್ಕೆ ಆಯಿತು, ಹೇಳಲಿಕ್ಕೆ ಏನು ದಾಡಿ ನಿಮಗೆ? ಮೂರು ಸಲ ಎತ್ತದಿದ್ದರೆ ನಾಲ್ಕನೇ ಸಲ ಮಾಡಬೇಕಿತ್ತು!

ಮುಂದಿನ ತಿಂಗಳು ನಿಮ್ಮ ನೆನಪಿನ ಕಾರ್ಯಕ್ರಮದಲ್ಲಿ ಅದನ್ನು ನಾನೇ ನುಡಿಸುತ್ತೇನೆ. ಹನ್ನೆರಡನೇ ಸಾಲಿನ ನಡುವೆ, ಇಡೀ ಹಾಲಿಗೆ ಕೇಳುವ ಹಾಗೆ ಉಸಿರು ತೆಗೆದುಕೊಳ್ಳುತ್ತೇನೆ. ತಾಕತ್ತಿದ್ದರೆ ಎದ್ದು ಬಂದು ಕೂಗಿ, ನೋಡುವ.

ರಿತೇಶ್