ನೆನಪಿನ ಗುಳಿಗೆಯ ಲೆಕ್ಕ

೧೪ ನವೆಂಬರ್ ೨೦೦೬, ಮಂಗಳವಾರ

ಟೀಮ್ ಲೀಡ್ ಆನಂದಕುಮಾರರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮರೆವಿನ ಕಾಯಿಲೆಯವರಿಗೆ ಅಂಗಡಿಯ ಶಕ್ತಿಪುಡಿ, ಗುಳಿಗೆಗಳಿಂದ ಅಪಾಯವಿದೆಯೇ ಎಂದು ನಮ್ಮ ಕೊಂಡಾಪುರದ ಆಫೀಸು ಆಸ್ಪತ್ರೆಯ ದಾಖಲೆಗಳಲ್ಲಿ ಹುಡುಕುತ್ತಿದೆ. ದಾಖಲೆಯಲ್ಲಿ ಅವುಗಳ ಮಾತೇ ಇಲ್ಲದಿದ್ದರೆ ಏನು ಬರೆಯಬೇಕೆಂದು ಕೇಳಿದೆ.

"ಬರದಿಲ್ಲ ಅಂದ್ರ ತಿನ್ನೂದಿಲ್ಲ ಅಂತ ಹಾಕ್ರಿ ಮೇಡಂ. ಕಾದಂಬರಿ ಓದಿ ಓದಿ ನಿಮಗ ಎಲ್ಲಾದ್ರಾಗೂ ಅನುಮಾನ!" ಎಂದು ನಕ್ಕರು.

ಇದು ಅನುವಾದಕ ತನಗೆ ತಿಳಿಯದ ಸಾಲನ್ನು ಬಿಟ್ಟು, ಮೂಲದಲ್ಲೇ ಇರಲಿಲ್ಲ ಎಂದ ಹಾಗಾಯಿತು.

ಹೋದ ವಾರ ನಮ್ಮ ಅತ್ತೆಯ ವಸಡಿನ ರಕ್ತ ನಿಲ್ಲಲೇ ಇಲ್ಲ. ಅವರಿಗೂ ಇದೇ ಮರೆವು. ಜೊತೆಗೆ ರಕ್ತ ತೆಳುವಾಗಿಸುವ ಮಾತ್ರೆ. ಆಸ್ಪತ್ರೆಯಲ್ಲಿ ಡಾಕ್ಟರು ಬೇರೆ ಔಷಧಿ ಇದೆಯೇ ಎಂದಾಗ ಮಾವ "ಏನೂ ಇಲ್ರಿ" ಎಂದರು. ಡಾಕ್ಟರು ಹಾಗೇ ಬರೆದುಕೊಂಡರು. ಮನೆಗೆ ಬಂದು ನೋಡಿದರೆ ಮಾವ ಹಾಲಿಗೆ ನೆನಪಿನ ಗುಳಿಗೆ ಬಿಚ್ಚಿ ಕಲಸುತ್ತಿದ್ದಾರೆ!

"ಇದೇನು ಔಷಧ ಏನವ್ವಾ? ಶಕ್ತಿಗಂತ ಕೊಡಾಕತ್ತೀನಿ."

ಡಾಕ್ಟರಿಗೆ ಫೋನ್ ಮಾಡಿದೆ. ಆ ಮಾತ್ರೆಯ ಜೊತೆ ಈ ಗುಳಿಗೆ ಸೇರಿದರೆ ರಕ್ತ ಇನ್ನೂ ತೆಳುವಾಗುತ್ತದೆ, ಗುಳಿಗೆಯನ್ನು ಕೂಡಲೇ ನಿಲ್ಲಿಸಿ ಎಂದರು.

ಆನಂದಕುಮಾರರ ಲೆಕ್ಕದಲ್ಲಿ ಇಂಥ ಅತ್ತೆಯರೆಲ್ಲ ಗುಳಿಗೆ ತಿನ್ನದೆ ರಕ್ತ ಸುರಿಸಿದವರು. ಕೊನೆಗೆ ಗುಳಿಗೆ ನಿರಪಾಯ ಎಂದು ವರದಿ ಹೋಗುತ್ತದೆ, ಓದಿದ ಮಾವಂದಿರು ಧೈರ್ಯವಾಗಿ ಕಲಸುತ್ತಾರೆ. ನಾನಂತೂ 'ತಿಳಿದಿಲ್ಲ' ಎಂದೇ ಬರೆಯುವವಳು. ಬೇಕಿದ್ದರೆ ಅವರೇ ತಿದ್ದಲಿ, ತಮ್ಮ ಹೆಸರು ಹಾಕಿ...