ಮೈಕ್ ನನ್ನ ಬಳಿ ಇದೆ

ವಾತುಕೆಂಬಾಂಗ್, ಜಾವಾ

ಮಾನ್ಯ ಗ್ರಾಮಾಧ್ಯಕ್ಷ ಹರ್ಜೋನೊ ಅವರಿಗೆ,

ಕೂಸುಗಳನ್ನು ತೂಗುವ ಚಾವಡಿಯ ಮೈಕ್ ಒಯ್ದವಳು ನಾನೇ. ಬೇರೆ ಯಾರನ್ನೂ ವಿಚಾರಿಸಬೇಡಿ. ಕೂಸಿನ ತೂಕ ಚೀಟಿಯಲ್ಲಿನ ಕೆಂಪು ಗೆರೆಗಿಂತ ಕೆಳಗಿದ್ದರೆ ತಾಯಿಯ ಹೆಸರನ್ನು ಮೈಕಿನಲ್ಲಿ ಊರಿಗೆಲ್ಲ ಕೂಗುವ ಪದ್ಧತಿ ನಿಮ್ಮ ತಂದೆಯ ಕಾಲದ್ದು. ಆಗ ನನ್ನ ಹೆಸರನ್ನೂ ಕೂಗಿದ್ದರು. ವರ್ಷವಿಡೀ ನಾನು ಹೊಸ್ತಿಲು ದಾಟಲಿಲ್ಲ.

ಈಚೆಗೆ ಹೆಸರು ಕೂಗಿಸಿಕೊಂಡ ಬಾಣಂತಿ ರುಮಿಯಾತಿಯೂ ಹಾಗೆಯೇ ಮೂಲೆ ಹಿಡಿದಿದ್ದಳು. ಕೂಸಿಗೆ ಹಾಲೂಡಿಸಲೂ ಮನಸ್ಸಿರಲಿಲ್ಲ. ಮೈಕ್ ಇಲ್ಲವೆಂದು ತಿಳಿದ ಮೇಲೆ ಚಾವಡಿಗೆ ಬಂದಳು. ದಾದಿ ಮೊದಲು ಅವಳನ್ನೇ ವಿಚಾರಿಸಿದಳು: "ರಾತ್ರಿ ನಿದ್ದೆ ಬರ್ತಿದೆಯೇನಮ್ಮಾ? ನೀನು ಉಂಡ್ಯಾ?" ರುಮಿಯಾತಿ ಚಾಪೆಯ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಪ್ರತಿ ವಾರವೂ ಬಂದಳು.

ನಿನ್ನೆ ಅವಳ ಕೂಸಿನ ತೂಕ ಕೆಂಪು ಗೆರೆ ದಾಟಿತು. "ಅಜ್ಜಿ, ಎಲ್ಲಿ ಬಚ್ಚಿಟ್ಟಿದ್ದೀರಿ ಆ ಮೈಕು? ಈ ಸಲ ನಾನೇ ಕೂಗ್ತೀನಿ!" ಎಂದಳು.

ಮೈಕಿನ ಬ್ಯಾಟರಿ ಮುಗಿದಿದೆ. ದಯವಿಟ್ಟು ಹೊಸ ಬ್ಯಾಟರಿ ಕೂಡಲೇ ಕಳಿಸಿ.

ಇತಿ,
ಸುಮಾರ್ನಿ, ನಿವೃತ್ತ ಶಿಕ್ಷಕಿ